ನಾಲ್ಕನೆಯವಳು ಹರಿಗೋಲು ಹತ್ತುವಾಗ

ದುಭಾಷಿಯ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಯಾರೂ ಹೇಳದ ಮಾತೊಂದಿದೆ. ಸಾಕ್ಷಿ ಆಡಿದ್ದು ಕೋರ್ಟಿನ ಗಾಳಿಯಲ್ಲಿ ಕರಗಿ ಹೋಗುತ್ತದೆ. ಕಾಗದದ ಮೇಲೆ ಉಳಿಯುವುದು ನೀವು ಆಡಿದ್ದು. ನಾನು ಇದನ್ನು ಕಲಿಯುವಷ್ಟರಲ್ಲಿ ಒಬ್ಬ ಮನುಷ್ಯನಿಗೆ ತಡವಾಗಿತ್ತು. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಮುಂದೆ ಯಾವ ಹುದ್ದೆಗೆ ಏರಿದೆ, ಯಾವ ವರ್ಷ ನಿವೃತ್ತನಾದೆ ಎಂಬುದೆಲ್ಲ ಸರ್ವಿಸ್ ಪುಸ್ತಕದಲ್ಲಿದೆ. ಈಗ ಗಾಂಧಿನಗರದ ಮನೆಯಲ್ಲಿ ಕುಳಿತು ಹನ್ನೊಂದು ದಿನಚರಿ ಪುಸ್ತಕಗಳನ್ನು ಮುಂದಿಟ್ಟುಕೊಂಡಿದ್ದೇನೆ. ಬರೆಯತೊಡಗಿದವನು ಇಪ್ಪತ್ತಮೂರರ ಯುವಕ. ಎಲ್ಲವನ್ನೂ ಎಣಿಸುತ್ತಿದ್ದ. ಎಣಿಸಿದ್ದೆಲ್ಲ ತನಗೆ ಅರ್ಥವಾಗಿದೆ ಎಂದು ತಿಳಿದಿದ್ದ.

ನಾನು ಬಳ್ಳಾರಿಯ ಕೋರ್ಟಿಗೆ ಸೇರಿದ್ದು 1944ರಲ್ಲಿ. ಆಗ ನಾವು ಮದರಾಸು ಪ್ರಾಂತದವರು. ನಮ್ಮ ಜಡ್ಜರು ತಮಿಳು ಸೀಮೆಯವರು, ಕನ್ನಡವೂ ತೆಲುಗೂ ಬಾರದು. ಸಾಕ್ಷಿ ತನ್ನ ಮಾತಿನಲ್ಲಿ ಹೇಳಬೇಕು, ನಾನು ಇಂಗ್ಲಿಷಿನಲ್ಲಿ ಒಪ್ಪಿಸಬೇಕು, ಜಡ್ಜರು ಅದನ್ನು ತಮ್ಮ ಕೈಯಿಂದಲೇ ಬರೆದುಕೊಳ್ಳಬೇಕು. ಕೊನೆಗೆ ಆ ಇಂಗ್ಲಿಷ್ ಹೇಳಿಕೆಯನ್ನು ನಾನು ಮತ್ತೆ ಸಾಕ್ಷಿಯ ಭಾಷೆಯಲ್ಲಿ ಓದಿ ಹೇಳಬೇಕು. ಸರಿ ಎಂದರೆ ಸಹಿ ಅಥವಾ ಹೆಬ್ಬೆಟ್ಟು. ಅಲ್ಲಿಗೆ ಅದು ದಾಖಲೆ.

ನನಗೆ ಕೆಲಸ ಕಲಿಸಿದವರು ಶಿರಸ್ತೇದಾರ್ ವೆಂಕಟರಾಯರು. ಪೇಟ ಸ್ವಲ್ಪ ಓರೆ, ಬಾಯಲ್ಲಿ ಲವಂಗ.

"ಏನಯ್ಯಾ ಸುಂದರಪ್ಪ, ಸಾಕ್ಷಿ ಹೇಳಿದ್ದನ್ನೆಲ್ಲ ಒಪ್ಪಿಸ್ತಾ ಕೂತರೆ ಜಡ್ಜರು ಊಟಕ್ಕೆ ಯಾವಾಗ ಹೋಗಬೇಕು? ಅವರ ತಟ್ಟೆಗೆ ಕಾಳು ಹಾಕು. ಹೊಟ್ಟು ನೀನೇ ಇಟ್ಕೋ."

ನಾನು ಕಾಳು ಹಾಕಲು ಕಲಿತೆ. ಬಹಳ ಬೇಗ ಕಲಿತೆ.

ಮೊದಲ ವರ್ಷವೇ ಒಂದು ಅವಮಾನವಾಯಿತು. ರೂಪನಗುಡಿಯ ಒಬ್ಬ ಸಾಕ್ಷಿ, ಜಗಳ ನಡೆದ ಜಾಗ ತನ್ನ ಹೊಲದಿಂದ "ಒಂದು ಚುಟ್ಟಾ ದೂರ" ಎಂದ. ಒಂದು ಚುಟ್ಟಾ ಸೇದಿ ಮುಗಿಸುವಷ್ಟು ನಡಿಗೆ ಎಂದು ಅರ್ಥ. ನಾನು ಜಡ್ಜರಿಗೆ ಅರ್ಧ ಮೈಲಿ ಎಂದೆ. ಎದುರು ಪಕ್ಷದ ವಕೀಲರು ಕನ್ನಡ ಬಲ್ಲವರು, ತಕ್ಷಣ ಎದ್ದರು. "ಅರ್ಧ ಮೈಲಿ ಅಂತ ಸಾಕ್ಷಿ ಎಲ್ಲಿ ಹೇಳಿದ? ಚುಟ್ಟಾ ಅಂದ." ಜಡ್ಜರಿಗೆ ವಿವರಿಸಬೇಕಾಯಿತು. ಅವರು ಗಂಭೀರವಾಗಿ, ದಪ್ಪ ಚುಟ್ಟಾವೋ ಸಣ್ಣದೋ ಕೇಳು ಎಂದರು. ಕೇಳಿದೆ.

"ದಪ್ಪಂದು ನಮಗೆಲ್ಲಿ ಸಿಗತೈತ್ರಿ ಸಾಮಿ? ಸಣ್ಣದು. ಅದೂ ಗಾಳಿ ಬಿಟ್ಟರ ಲಗೂನ ಸುಟ್ಟು ಹೋಗತೈತಿ."

ಇಡೀ ಕೋರ್ಟು ನಕ್ಕಿತು. ಸಂಜೆ ವೆಂಕಟರಾಯರು ನಗಲಿಲ್ಲ. "ಹೊಟ್ಟು ತೆಗೆ ಅಂದೆ. ಕಾಳನ್ನ ಹಿಟ್ಟು ಮಾಡು ಅನ್ನಲಿಲ್ಲ. ಅವನ ಅಳತೆ ಅವನದು. ಅದನ್ನ ಮುಟ್ಟಬೇಡ" ಎಂದರು.

ಅಂದಿನಿಂದ ದಿನಚರಿಯಲ್ಲಿ ಎರಡು ಹೊಸ ಕಲಂ ಎಳೆದೆ. ಒಂದರ ಹೆಸರು 'ಸೇರಿಸಿದ್ದು', ಇನ್ನೊಂದು 'ಬಿಟ್ಟದ್ದು'. ಪ್ರತಿ ಸಂಜೆ ಆ ದಿನದ ಸಾಕ್ಷಿಗಳನ್ನು ನೆನೆದು, ನಾನೇ ಸೇರಿಸಿದ ಮಾತು, ನಾನು ಕೈಬಿಟ್ಟ ಮಾತು ಎರಡನ್ನೂ ಚುಟುಕಾಗಿ ಬರೆಯುತ್ತಿದ್ದೆ. ಎರಡು ವರ್ಷಗಳಲ್ಲಿ 312 ಸಾಕ್ಷಿಗಳು. ಕನ್ನಡ 171, ತೆಲುಗು 118, ಉರ್ದು 23. 'ಸೇರಿಸಿದ್ದು' ಕಲಂ ದಿನೇ ದಿನೇ ಬರಿದಾಯಿತು. ಅದಕ್ಕಾಗಿ ಹೆಮ್ಮೆಪಟ್ಟಿದ್ದೇನೆ. 'ಬಿಟ್ಟದ್ದು' ತುಂಬುತ್ತಲೇ ಹೋಯಿತು. ಅದನ್ನು ನಾನು ತಿರುಗಿ ಓದುತ್ತಿರಲಿಲ್ಲ. ಬರೆದಿಟ್ಟರೆ ಸಾಕು, ಪ್ರಾಮಾಣಿಕತೆ ಮುಗಿಯಿತು ಎಂದುಕೊಂಡಿದ್ದೆ.

ಇನ್ನೊಂದು ವಿಷಯ ಹೇಳಬೇಕು, ಹೇಳಲು ಇಷ್ಟವಿಲ್ಲದಿದ್ದರೂ. ನಾನು ಕ್ರೈಸ್ತ. ತಂದೆ ಸಿರುಗುಪ್ಪದಲ್ಲಿ ಮಿಷನ್ ಶಾಲೆಯ ಮೇಷ್ಟರಾಗಿದ್ದರು. ಮನೆಯಲ್ಲಿ ಎರಡು ಹೊತ್ತು ಪ್ರಾರ್ಥನೆ ತಪ್ಪುತ್ತಿರಲಿಲ್ಲ. ಆದರೆ ಕೋರ್ಟಿನಲ್ಲಿ ನನ್ನ ಮತ ಯಾರ ಕಣ್ಣಿಗೂ ಬೀಳದಂತೆ ನಡೆದುಕೊಳ್ಳುತ್ತಿದ್ದೆ. ನಮ್ಮವರು ಯಾರಾದರೂ ಸಾಕ್ಷಿಯಾಗಿ ಬಂದರೆ ನನಗೆ ಒಳಗೊಳಗೇ ಮುಜುಗರ. ಅವರು ದೇವರ ಹೆಸರೆತ್ತಿ ಉದ್ದ ಮಾತಾಡಿದರೆ ನನ್ನ ಕಿವಿ ಬಿಸಿಯಾಗುತ್ತಿತ್ತು. ಉಳಿದವರ ಮಾತಿಗಿಂತ ಅವರ ಮಾತನ್ನು ಹೆಚ್ಚು ಕತ್ತರಿಸುತ್ತಿದ್ದೆ.

ಸಂತೋಷಮ್ಮ ನನ್ನ ಬಾಲ್ಯದವಳು. ಓದು ಬಾರದ ವಿಧವೆ. ಮಿಷನ್ನಿನವರು ಅವಳನ್ನು ಊರೂರಿಗೆ ಕಳಿಸಿ ಹೆಂಗಸರಿಗೂ ಮಕ್ಕಳಿಗೂ ದೇವರ ಕಥೆ ಹೇಳಿಸುತ್ತಿದ್ದರು. ಅವಳು ತಾನೇ ಕಟ್ಟಿದ ಕಥೆಗಳನ್ನೂ ಹೇಳುತ್ತಿದ್ದಳು. ಅವುಗಳಲ್ಲಿ ನಮಗೆಲ್ಲ ಪ್ರಿಯವಾದದ್ದು ಹರಿಗೋಲಿನ ಕಥೆ. ಹೊಳೆ ಏರುತ್ತಿದೆ. ಅಂಬಿಗ ಸಿದ್ದಣ್ಣ ಒಬ್ಬೊಬ್ಬರನ್ನೇ ಹರಿಗೋಲಿಗೆ ಹತ್ತಿಸುತ್ತಾನೆ. ಮೊದಲು ಕುರುಡ ಮುದುಕ, ಆಮೇಲೆ ಗಡಿಗೆ ಹೊತ್ತವಳು, ಮದುಮಗಳು, ಸೂಲಗಿತ್ತಿ. ಹೀಗೆ ಹನ್ನೆರಡು ಜನ. ಹತ್ತಿದವರಿಗೆಲ್ಲ ಒಂದು ಪ್ರಶ್ನೆ, ಒಂದು ಉತ್ತರ, ಒಂದು ಹಾಡು. "ಏನ್ ತಂದೀಯವ್ವಾ?" "ಇದಿಷ್ಟ ನೋಡಪ್ಪಾ." "ಇಡು ಇಡು, ಭಾರ ಆಗಂಗಿಲ್ಲ." ಹರಿಗೋಲು ಆಚೆ ದಡ ಮುಟ್ಟಿದ ಮೇಲೆ ಸಿದ್ದಣ್ಣನಿಗೆ ನೆನಪಾಗುತ್ತದೆ: ಈಚೆ ದಡದಲ್ಲಿ ಒಬ್ಬ ಕಳ್ಳ, ತನ್ನನ್ನು ಯಾರು ಹತ್ತಿಸಿಕೊಂಡಾರೆಂದು, ದೂರ ಕುಳಿತಿದ್ದ. ಅವನಿಗಾಗಿ ಅಂಬಿಗ ತುಂಬಿದ ಹೊಳೆಯಲ್ಲಿ ಹಿಂದಿರುಗುತ್ತಾನೆ. ಹತ್ತುವವರ ಸಾಲನ್ನು ಸಂತೋಷಮ್ಮ ಎಂದೂ ಬದಲಿಸಲಿಲ್ಲ. ಬದಲಿಸಿದರೆ ನಾವು ಮಕ್ಕಳು ಬಿಡುತ್ತಿರಲಿಲ್ಲ.

1946ರಲ್ಲಿ ಬಾದನಹಟ್ಟಿಯ ಕೂಲಿಯಾಳು ದಾನಪ್ಪನ ಮೇಲೆ ಕೊಲೆ ಮೊಕದ್ದಮೆ ಬಂತು. ಕಾಗದದಲ್ಲಿ ದಾನಿಯೇಲ, ಊರ ಬಾಯಲ್ಲಿ ದಾನಪ್ಪ. ಊರಿಂದ ಮೂರು ಮೈಲಿ ದೂರದ ರಸ್ತೆ ಬಾವಿಯ ಹತ್ತಿರ, ಹೊಲದ ಕಾವಲುಗಾರ ಹನುಮಂತ ಎಂಬವನನ್ನು ಯಾರೋ ಕೊಡಲಿಯಿಂದ ಹೊಡೆದು ಕೊಂದಿದ್ದರು. ಹಿಂದಿನ ದಿನ ಅದೇ ಬಾವಿಯ ಬಳಿ ದನ ಮೇಯಿಸಿದ್ದಕ್ಕೆ ದಾನಪ್ಪನಿಗೂ ಅವನಿಗೂ ಜಗಳವಾಗಿತ್ತು. ದಾನಪ್ಪನ ಟವೆಲು ಬಾವಿ ಕಟ್ಟೆಯ ಮೇಲೆ ಸಿಕ್ಕಿತ್ತು. ಜಗಳದ ದಿನ ಬಿಟ್ಟದ್ದು ಎಂದು ಅವನು ಹೇಳಿದ. ಕೊಲೆಯ ದಿನ ಬಿಟ್ಟದ್ದು ಎಂದು ಪೊಲೀಸರು.

ಹೊತ್ತು ಮಾತ್ರ ಸ್ಪಷ್ಟವಾಗಿತ್ತು. ಭಾನುವಾರ ಮಧ್ಯಾಹ್ನದ ಇಳಿಹೊತ್ತು. ಬಳ್ಳಾರಿಯಿಂದ ಕುರುಗೋಡಿಗೆ ಹೋಗುವ ಬಸ್ಸು ಬಾವಿಯ ಹತ್ತಿರ ನಿಂತಾಗ ಹನುಮಂತ ಜೀವಂತ ಇದ್ದ. ಕಂಡಕ್ಟರನಿಂದ ಬೆಂಕಿಪೆಟ್ಟಿಗೆ ಇಸಿದುಕೊಂಡ. ಬಸ್ಸು ಅಲ್ಲಿಂದ ಬಾದನಹಟ್ಟಿಯ ಮೇಲೆ ಕುರುಗೋಡಿಗೆ ಹೋಗಿ, ಒಂದೂಕಾಲು ಗಂಟೆಯ ಮೇಲೆ ತಿರುಗಿ ಬಂದಾಗ ಹೆಣ ಬಿದ್ದಿತ್ತು. ಆ ನಡುವೆ ದಾನಪ್ಪ ಎಲ್ಲಿದ್ದ? ಬಾದನಹಟ್ಟಿಯ ಪ್ರಾರ್ಥನೆಯ ಮನೆಯಲ್ಲಿ ಕಥೆ ಕೇಳುತ್ತಿದ್ದೆ ಎಂದ. ಕೊಂದು, ನಡೆದು ಬಂದು, ಕಥೆಯ ಕೊನೆಗೆ ಸೇರಿಕೊಂಡ ಎಂದು ಸರ್ಕಾರದ ವಾದ. ಅಂದರೆ ಅವನು ಕಥೆಯ ಯಾವ ಹೊತ್ತಿಗೆ ಬಂದ ಎಂಬುದರ ಮೇಲೆ ಅವನ ಕೊರಳು ನಿಂತಿತ್ತು.

ಅವನಿಗೆ ಸರ್ಕಾರವೇ ಕೊಟ್ಟ ವಕೀಲರು ಹೊಸಬರು. ಕಥೆ ಕೇಳಿದ ಹೆಂಗಸರಲ್ಲಿ ಪೊಲೀಸರ ಭಯಕ್ಕೆ ಯಾರೂ ಬರಲೊಪ್ಪಲಿಲ್ಲ. ಬಂದವಳು ಕಥೆ ಹೇಳಿದ ಸಂತೋಷಮ್ಮ ಒಬ್ಬಳೇ. ಕಟಕಟೆ ಹತ್ತಿದವಳು ನನ್ನನ್ನು ಗುರುತು ಹಿಡಿದು, "ಮೇಷ್ಟ್ರ ಮಗಾ ಅಲ್ಲೇನಪಾ ನೀನು?" ಎಂದು ಎಲ್ಲರೆದುರು ಕೇಳಿದಳು. ನಾನು ಉತ್ತರಿಸದೆ ಪ್ರಮಾಣ ಬೋಧಿಸಿದೆ.

ಆಪಾದಿತ ಯಾವಾಗ ಬಂದ ಎಂದು ವಕೀಲರು ಕೇಳಿದರು.

"ಗಡಿಯಾರ ನನಗ ತಿಳಿಯಂಗಿಲ್ರಿ. ಮೋಟರು ಬುರ್ ಅಂತ ಊರ ಮುಂದ ಹೋತು. ಹುಡುಗ್ರು ಎದ್ದು ಬಾಗಲಿಗೆ ಓಡಿದ್ವು. ಕರದು ಕುಂದ್ರಿಸಿ ಕಥಿ ಸುರು ಮಾಡಿದೆ. ಕುರುಡ ಮುದುಕ ಹತ್ತಿದ. 'ಏನ್ ತಂದೀಯಪ್ಪಾ?' ಅಂದ ಸಿದ್ದಣ್ಣ..."

ಅವಳು ಕೈ ಚಾಚಿ, ಹರಿಗೋಲು ಓಲಾಡಿದಂತೆ ತಾನೂ ಓಲಾಡಿ, ಹಾಡಿಯೇ ಬಿಟ್ಟಳು. ಹಿಂದಿನ ಬೆಂಚಿನಿಂದ ಯಾರೋ, "ನನಗೂ ಒಂದೀಟು ಜಾಗ ಬಿಡಬೇ ಯಮ್ಮಾ!" ಎಂದರು. ನಗೆ ಎದ್ದಿತು. ವಕೀಲರ ಮುಖ ಕೆಂಪಾಯಿತು. "ಹರಿಗೋಲು ಇರಲಮ್ಮ, ಆಸಾಮಿ ಬಂದನೋ ಇಲ್ಲೋ ಅಷ್ಟು ಹೇಳು."

"ಅದನ್ನ ಹೇಳಾಕತ್ತೀನಲ್ರೀ. ಗಡಿಗಿಯಾಕಿ ಹತ್ತಿದ್ಲು. ಮದುಮಗಳು ಹತ್ತಿದ್ಲು. ನಾಕನೇದಾಕಿ ಸೂಲಗಿತ್ತಿ, ಆಕಿ ಕಾಲಿಡೂದ್ರಾಗ ಇವ ಬಾಗಲಾಗ ಬಂದು ನಿಂತ. 'ಬಾರಪಾ, ಹರಿಗೋಲು ಇನ್ನೂ ಈ ದಂಡ್ಯಾಗ ಐತಿ, ಕೂಡು' ಅಂದೆ. ಬಾಗಲ ಮಗ್ಗಲ ಮೂಲ್ಯಾಗ ಕುಂತ. ದಮ್ಮು ಇಲ್ಲ, ಬೆವರು ಇಲ್ಲ."

ಜಡ್ಜರು ಲೇಖನಿ ಎತ್ತಿ ಹಿಡಿದು ನನ್ನ ಕಡೆ ನೋಡುತ್ತಿದ್ದರು. ಏನು ಹೇಳುತ್ತಿದ್ದಾಳೆ ಎಂದು ಕೇಳಿದರು.

ನನ್ನ ಕಿವಿ ಬಿಸಿಯಾಗಿತ್ತು. ನಾನು ಮೂರು ವಾಕ್ಯ ಹೇಳಿದೆ. ತಾನು ಪ್ರಾರ್ಥನೆಯ ಮನೆಯಲ್ಲಿ ಒಂದು ಧಾರ್ಮಿಕ ಕಥೆ ಹೇಳುತ್ತಿದ್ದಳಂತೆ. ಅದು ನಡೆಯುತ್ತಿರುವಾಗ ಆಪಾದಿತ ಬಂದು ಕುಳಿತನಂತೆ. ಹೊತ್ತು ಹೇಳಲಾರಳಂತೆ.

ಕೋರ್ಟಿನಲ್ಲಿ ಕನ್ನಡ ಬಲ್ಲವರು ಹಲವರಿದ್ದರು. ಅವರಿಗೆಲ್ಲ ಅದು ಮುದುಕಿಯೊಬ್ಬಳ ಹರಟೆ. ಆ ಸಾಲು ಎಂದೂ ಬದಲಾಗದ ಸಾಲು, ಒಬ್ಬರು ಹತ್ತಲು ಹಿಡಿಯುವ ಹೊತ್ತು ಅಳೆದಂತೆ ಒಂದೇ ಎಂಬುದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಒಬ್ಬ ಪರಸ್ಥನ ಚುಟ್ಟಾದ ಅಳತೆಯನ್ನು ಮುಟ್ಟಬಾರದೆಂದು ಕಲಿತಿದ್ದೆ. ನನ್ನವರ ಅಳತೆ ನನಗೆ ಹೊಟ್ಟಾಗಿ ಕಂಡಿತು.

ಹೇಳಿಕೆಯನ್ನು ಅವಳಿಗೆ ಓದಿ ಹೇಳಿದೆ. ಕೇಳಿ, ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡವಳು ಕೈ ಹಾಗೇ ಹಿಡಿದು ನಿಂತಳು.

"ಇದರಾಗ ಕಥಿ ಬರಲಿಲ್ಲಲ್ಲಪ್ಪಾ?"

"ಕೋರ್ಟಿಗೆ ಅದು ಬೇಕಿಲ್ಲಮ್ಮ."

"ಬೇಕಿಲ್ಲಾ?"

"ಬೇಕಿಲ್ಲ. ಮುಖ್ಯವಾದದ್ದೆಲ್ಲ ಬಂದಿದೆ."

"ನೀ ಓದಿದಾವ. ನಿನಗ ತಿಳೀತೈತಿ" ಎಂದು ಹೆಬ್ಬೆಟ್ಟು ಒತ್ತಿದಳು. ಇಳಿಯುವಾಗ ಕಟಕಟೆಯ ಮರಕ್ಕೆ ಮಸಿ ತಾಗಿತೆಂದು ಸೆರಗಿನಿಂದ ಒರೆಸಿದಳು.

ಅದು ಗುರುವಾರ. ಶನಿವಾರ ತೀರ್ಪು. ಮರಣದಂಡನೆ. ಸಾಕ್ಷಿ ಹೊತ್ತು ಹೇಳಲಾರಳು ಎಂಬ ನನ್ನ ಮೂರನೆಯ ವಾಕ್ಯವನ್ನು ಜಡ್ಜರು ತೀರ್ಪಿನಲ್ಲಿ ಎತ್ತಿ ಬರೆದಿದ್ದರು. ತೀರ್ಪನ್ನು ದಾನಪ್ಪನಿಗೆ ಕನ್ನಡದಲ್ಲಿ ಹೇಳಬೇಕಾದವನೂ ನಾನೇ. ಹೇಳಿದೆ. ಅವನು ನನಗೆ ಕೈಮುಗಿದ.

ಭಾನುವಾರ ಆರಾಧನೆಗೆ ಕುಳಿತಿದ್ದಾಗ ಹೊರಗೆ ಬಸ್ಸು ಹಾದು ಹೋಯಿತು. ಸಭೆಯ ಹಿರಿಯರು ಸದ್ದು ಅಡಗುವವರೆಗೆ ಪ್ರಾರ್ಥನೆ ನಿಲ್ಲಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದರು. ನಾನು ಆರಾಧನೆ ಮುಗಿಯುವ ಮೊದಲೇ ಎದ್ದೆ. ಮನೆಗೆ ಬಂದು ಗುರುವಾರದ ಪುಟ ತೆಗೆದೆ. 'ಬಿಟ್ಟದ್ದು' ಕಲಮಿನಲ್ಲಿ ನನ್ನದೇ ಅಕ್ಷರ: "ಮೋಟರು ಹೋದದ್ದು. ಹರಿಗೋಲಿನ ಕಥೆ. ನಾಲ್ಕನೆಯವಳು. ದಮ್ಮು, ಬೆವರು ಇಲ್ಲ." 'ಸೇರಿಸಿದ್ದು' ಕಲಮಿನಲ್ಲಿ, ಬಹಳ ದಿನಗಳ ಮೇಲೆ, ಒಂದು ಸಾಲು: "ಹೊತ್ತು ಹೇಳಲಾರಳು."

ಅವಳು ಹೊತ್ತು ಹೇಳಿದ್ದಳು. ನಮ್ಮ ಗಡಿಯಾರಕ್ಕಿಂತ ಚೆನ್ನಾಗಿ ಹೇಳಿದ್ದಳು.

ಮುಂದಿನ ಭಾನುವಾರ ಬಾದನಹಟ್ಟಿಗೆ ಹೋದೆ. ಸಂತೋಷಮ್ಮನಿಗೆ ಕಾರಣ ಹೇಳದೆ, ಹರಿಗೋಲಿನ ಕಥೆ ಕೇಳಬೇಕೆನಿಸಿತು ಎಂದೆ. ತಂದೆಯ ಜೇಬು ಗಡಿಯಾರವನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ಕುಳಿತೆ. ಕಥೆ ಶುರುವಾದಾಗಿನಿಂದ ಸೂಲಗಿತ್ತಿ ಕಾಲಿಡುವವರೆಗೆ ಹನ್ನೊಂದು ನಿಮಿಷ. ಬಾವಿಯಿಂದ ಊರಿಗೆ ಬಸ್ಸು ಬರಲು, ಮಕ್ಕಳನ್ನು ಕೂಡಿಸಲು ಏಳೋ ಎಂಟೋ. ಒಟ್ಟು ಹತ್ತೊಂಬತ್ತು ಎನ್ನಿ. ಬಾವಿಯಿಂದ ಪ್ರಾರ್ಥನೆಯ ಮನೆಗೆ ನಾನೇ ಬಿರಬಿರನೆ ನಡೆದು ನೋಡಿದೆ. ಐವತ್ತೊಂದು ನಿಮಿಷ. ಹನುಮಂತ ಕಂಡಕ್ಟರನೊಂದಿಗೆ ಮಾತಾಡುತ್ತಿದ್ದಾಗ ದಾನಪ್ಪ ಆಗಲೇ ಊರ ಹತ್ತಿರ, ಕೂದಲು ಬಾಚಿಕೊಂಡು, ಕಥೆಗೆ ಬರುತ್ತಿದ್ದ.

ಸೋಮವಾರ ವೆಂಕಟರಾಯರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಲವಂಗ ಅಗಿಯುವುದನ್ನು ನಿಲ್ಲಿಸಿದರು.

"ಓದಿ ಹೇಳಿದೆಯಾ?"

"ಹೇಳಿದೆ."

"ಅವಳು ಕೇಳಿದಳಾ, ಇದು ಬಿಟ್ಟಿದೆ ಅಂತ?"

"ಕೇಳಿದಳು. ಬೇಕಿಲ್ಲ ಅಂದೆ."

"ನೋಡಯ್ಯಾ, ಆಪಾದಿತ ನಿಮ್ಮವನು. ಸಾಕ್ಷಿ ನಿಮ್ಮವಳು. ಈಗ ನೀನು ಗಡಿಯಾರ ಹಿಡಕೊಂಡು ಹೋಗಿ ಅಳೆದು ಬಂದೆ ಅಂದರೆ, ಜಾತಿಯವನನ್ನ ಉಳಿಸೋಕೆ ಕಟ್ಟಿದ ಕಥೆ ಅಂತಾರೆ. ನಿನ್ನ ಕೆಲಸ ಹೋಗುತ್ತೆ. ನೀನು ಭಾಷಾಂತರ ಮಾಡಿದ ಕೇಸುಗಳನ್ನೆಲ್ಲ ಕೆದಕುತಾರೆ."

"ಹಾಗಾದರೆ ಏನು ಮಾಡಲಿ, ರಾಯರೇ?"

"ಬರೀಬೇಕು ಅಂತಿದ್ದರೆ ಮದರಾಸಿಗೆ ಬರಿ, ಮೇಲಿನ ಕೋರ್ಟು ಇನ್ನೂ ಫೈಲು ನೋಡಬೇಕಲ್ಲ. ನಾನು ತಡೆಯೋದಿಲ್ಲ. ಆದರೆ ಬರಿ ಅಂತ ನನ್ನ ಬಾಯಲ್ಲಿ ಹೇಳಿಸಬೇಡ."

ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಬಾಗಿಲು ತೆರೆದೇ ಇಟ್ಟಿದ್ದರು. ನಾನು ಕಾಗದ ಬರೆದೆ, ತಿದ್ದಿದೆ, ಮೂರನೆಯ ಸಲ ಚೊಕ್ಕ ಪ್ರತಿ ಮಾಡಿ, ಲಕೋಟೆಗೆ ಹಾಕಿ ದಿನಚರಿಯಲ್ಲಿಟ್ಟೆ. ಅಂಚೆಗೆ ಹಾಕುವ ಮೊದಲು ದೇವರನ್ನು ಕೇಳೋಣ ಎಂದುಕೊಂಡೆ. ಆ ಪುಟಗಳಲ್ಲಿ ಲೆಕ್ಕವಿದೆ. ನಲವತ್ತೊಂದು ದಿನ, ದಿನಕ್ಕೆರಡು ಹೊತ್ತು, ಎಂಬತ್ತೆರಡು ಪ್ರಾರ್ಥನೆ. ಕಾಗದ ಒಂದು. ಅಂಚೆಗೆ ಹಾಕಿದ್ದು ಸೊನ್ನೆ.

ದೇವರು ನನಗೆ ಕೈ ಕೊಟ್ಟಿದ್ದ, ಕಾಗದ ಕೊಟ್ಟಿದ್ದ, ಅಂಚೆ ಡಬ್ಬಿಯನ್ನು ಮನೆಯೆದುರೇ ಇಟ್ಟಿದ್ದ. ಇನ್ನೇನು ಹೇಳಬೇಕಿತ್ತು ಅವನು?

ನಲವತ್ತೆರಡನೆಯ ದಿನ ಮದರಾಸಿನಿಂದ ಸುದ್ದಿ ಬಂತು. ಅಪರಾಧ ಖಾಯಂ, ಆದರೆ ಮರಣದಂಡನೆಯ ಬದಲು ಜೀವಾವಧಿ. ನಾನು ಮೊಣಕಾಲೂರಿ ಕೃತಜ್ಞತೆ ಸಲ್ಲಿಸಿದೆ. ಜೀವ ಉಳಿಯಿತಲ್ಲ, ನನ್ನ ಪ್ರಾರ್ಥನೆ ಮುಟ್ಟಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಲಕೋಟೆಯನ್ನು ಒಲೆಗೆ ಹಾಕಿದೆ. ನನ್ನ ಬದುಕಿನಲ್ಲಿ ಆ ಸಮಾಧಾನದಷ್ಟು ನಾಚಿಕೆ ತರುವುದು ಬೇರೊಂದಿಲ್ಲ.

ಮರುವರ್ಷ ಒಬ್ಬ ಕೈದಿಯ ಹೇಳಿಕೆ ಭಾಷಾಂತರಿಸಲು ಜೈಲಿಗೆ ಹೋಗಬೇಕಾಯಿತು. ಅಂಗಳದಲ್ಲಿ ದಾನಪ್ಪ ಹಗ್ಗ ಹೊಸೆಯುತ್ತಿದ್ದ. ಸಣ್ಣಗೆ ಕೆಮ್ಮುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ.

"ಸಾಮೀ, ಚಲೋ ಅದೀರೇನ್ರಿ?"

"ನೀನು ಹೇಗಿದ್ದೀ ದಾನಪ್ಪ?"

"ಅದೀನ್ರಿ. ಅಮ್ಮ ಅವತ್ತು ಎಷ್ಟು ಚಂದಾಗಿ ಹೇಳಿದ್ಲಲ್ರಿ! ನಾಕನೇದಾಕಿ ಕಾಲಿಡೂದ್ರಾಗ ಬಂದಾ ಅಂತ, ಅಗದೀ ಬರಾಬರಿ. ನಾ ಎದ್ರಿಗೇ ನಿಂತು ಕೇಳೀನಿ. ನೀವು ಅದನ್ನ ಇಂಗ್ಲೀಷಿನಾಗ ಬರಸಿ ಮದರಾಸಿಗೆ ಮುಟ್ಟಿಸಿದ್ರಿ. ಅದಕ್ಕ ಜೀವ ಉಳೀತು ನೋಡ್ರಿ. ಇನ್ನೂ ಪೂರ್ತಿ ಓದಿಲ್ಲ ಅವರು. ಓದಿದ್ರ ಬಿಡತಾರ."

ಅವನ ಕೈಯಲ್ಲಿ ಹೊಸೆದ ಹಗ್ಗ ಅರ್ಧಕ್ಕೆ ನಿಂತಿತ್ತು. ನನ್ನ ಉತ್ತರಕ್ಕೆ ಕಾಯುತ್ತಿದ್ದ.

"ಬಿಡುತ್ತಾರೆ" ಎಂದೆ.

ಆ ಸಂಜೆ 'ಸೇರಿಸಿದ್ದು' ಕಲಮಿನಲ್ಲಿ ಆ ಒಂದು ಮಾತು ಬರೆದೆ. ಆರು ತಿಂಗಳ ಮೇಲೆ ಅವನು ಜೈಲಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಎದೆಯ ರೋಗ ಎಂದರು. ಬಾದನಹಟ್ಟಿಯವರು ಹೆಣ ತರಲು ಗಾಡಿ ಕಟ್ಟಿಕೊಂಡು ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಹನುಮಂತನನ್ನು ಕೊಂದವರು ಯಾರೆಂದು ಇವತ್ತಿಗೂ ತಿಳಿಯದು.

ಆಮೇಲೆ ನಾನು ಮಾಡಿದ ಕೆಲಸ ಇನ್ನೂ ವಿಚಿತ್ರ. 1949ರಲ್ಲಿ ಒಂದು ಕಾದಂಬರಿ ಬರೆದೆ. ನಮ್ಮ ಸಭೆಗಳಿಗೆ ಹೋಗುತ್ತಿದ್ದ ಒಂದು ಮಾಸಪತ್ರಿಕೆಯಲ್ಲಿ ಒಂಬತ್ತು ಕಂತುಗಳಲ್ಲಿ ಬಂತು. ಕೋರ್ಟು, ಕೊಲೆ, ನಿರಪರಾಧಿ, ಕಥೆ ಹೇಳುವ ಮುದುಕಿ, ಎಲ್ಲವೂ ಇತ್ತು. ನನ್ನ ಹೆಸರು ಹಾಕಲಿಲ್ಲ. ಪ್ರತಿ ಕಂತನ್ನೂ ಓದುಗರ ಉಸಿರು ಕಟ್ಟುವಂಥ ಜಾಗದಲ್ಲಿ ನಿಲ್ಲಿಸುತ್ತಿದ್ದೆ. ಅದು ನನಗೆ ಚೆನ್ನಾಗಿ ಬರುತ್ತಿತ್ತು. ಕೊನೆಯ ಕಂತಿನಲ್ಲಿ ಜಡ್ಜರು ತೀರ್ಪು ಓದಲು ಎದ್ದಾಗ ದುಭಾಷಿ ನಡುಗುತ್ತ ಮುಂದೆ ಬಂದು, ಮಹಾಸ್ವಾಮಿ, ನಾನು ಒಂದು ಮಾತು ಬಿಟ್ಟಿದ್ದೇನೆ ಎನ್ನುತ್ತಾನೆ. ಗಡಿಯಾರ ತರಿಸುತ್ತಾರೆ. ತುಂಬಿದ ಕೋರ್ಟಿನಲ್ಲಿ ಮುದುಕಿ ಕಥೆ ಹೇಳುತ್ತಾಳೆ. ನಿಜವಾದ ಕೊಲೆಗಾರ ಜನರ ನಡುವಿನಿಂದ ಎದ್ದು ಓಡುತ್ತಾನೆ. ನಿರಪರಾಧಿ ಬಿಡುಗಡೆಯಾಗಿ ಮನೆಗೆ ಬರುತ್ತಾನೆ. ದೇವರು ತನ್ನವರನ್ನು ಕೈಬಿಡುವುದಿಲ್ಲ.

ಮೂವತ್ತಾರು ಓದುಗರು ಕಾಗದ ಬರೆದರು. ನಂಬಿಕೆ ಬಲವಾಯಿತು ಎಂದು ಮೂವತ್ತಾರರಲ್ಲಿ ಇಪ್ಪತ್ತೆಂಟು. ಅವರು ಅತ್ತ ಜಾಗಗಳಲ್ಲೆಲ್ಲ ನಾನೂ ಬರೆಯುವಾಗ ಅತ್ತಿದ್ದೆ. ಆದರೆ ಆ ಕಣ್ಣೀರು ನನ್ನ ಕಾದಂಬರಿಯ ದುಭಾಷಿಗಾಗಿ. ಅವನು ಎಷ್ಟು ಒಳ್ಳೆಯವನು! ಅವನನ್ನು ಸೃಷ್ಟಿಸಿದ್ದರಿಂದ ನಾನೇ ಅವನಾದೆ ಎಂಬ ಭ್ರಮೆ ಕೆಲವು ತಿಂಗಳು ನನ್ನನ್ನು ಸುಖವಾಗಿಟ್ಟಿತ್ತು.

ಸಿರುಗುಪ್ಪದಲ್ಲಿ ಆ ಕೊನೆಯ ಕಂತನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸುವುದೆಂದು ಗೊತ್ತಾಗಿ ಹೋದೆ. ಪತ್ರಿಕೆಯವರು ಗುಟ್ಟು ಬಿಟ್ಟುಕೊಟ್ಟಿದ್ದರು. ಓದಲು ನನ್ನನ್ನೇ ನಿಲ್ಲಿಸಿದರು. ಮೊದಲ ಸಾಲಿನಲ್ಲಿ ಸಂತೋಷಮ್ಮ ಕುಳಿತಿದ್ದಳು. ಕಣ್ಣು ಪೊರೆಗಟ್ಟಿತ್ತು, ಕಿವಿ ಮಾತ್ರ ಚುರುಕು. ನಾನು ಓದಿ ಮುಗಿಸಿದಾಗ ಜನ ಎದ್ದು ಹಾಡಿದರು. ಅವಳು ಏಳಲಿಲ್ಲ. ಎಲ್ಲರೂ ಹೋದ ಮೇಲೆ ಹತ್ತಿರ ಕರೆದಳು.

"ಚಲೋ ಕಟ್ಟೀದಿ ತಮ್ಮಾ. ನಡಬರಕ ನಿಲ್ಲಿಸೂದು, ಆಮ್ಯಾಲ ಬಿಡೂದು, ಎಲ್ಲಾ ಬರತೈತಿ ನಿನಗ."

"ನಿಮ್ಮಿಂದಲೇ ಕಲಿತದ್ದಮ್ಮಾ."

"ಆ ದುಭಾಷಿ ಎದ್ದು ನಿಂತು ಹೇಳಿದ್ನಲ್ಲ, ಒಂದು ಮಾತು ಬಿಟ್ಟೀನಿ ಅಂತ. ಅಂಥಾವ ಒಬ್ಬ ನಮ್ಮ ದಾನಪ್ಪಗ ಸಿಗಲಿಲ್ಲ ನೋಡು."

ಅವಳಿಗೆ ತಿಳಿದಿತ್ತೋ ಇಲ್ಲವೋ ಎಂದು ನಾನು ಇಷ್ಟು ವರ್ಷ ಯೋಚಿಸಿದ್ದೇನೆ. ಅವಳ ಪೊರೆಗಣ್ಣಿನಲ್ಲಿ ಏನೂ ಕಾಣಲಿಲ್ಲ. ನಾನು ಅಲ್ಲೇ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಮೂರು ವಾಕ್ಯ, ಎರಡು ಕಲಂ, ಹನ್ನೊಂದು ನಿಮಿಷ, ಒಲೆಗೆ ಹಾಕಿದ ಕಾಗದ, ಜೈಲಿನ ಅಂಗಳದ ಸುಳ್ಳು, ಯಾವುದನ್ನೂ ಬಿಡಲಿಲ್ಲ. ಭಾಷಾಂತರಿಸದೆ ನಾನು ಆಡಿದ ಮೊದಲ ಸಾಕ್ಷ್ಯ ಅದು.

ಅವಳು ಕೇಳಿದಳು. ತನ್ನ ಬಲಗೈ ಹೆಬ್ಬೆಟ್ಟನ್ನು ಎಡಗೈಯಲ್ಲಿ ಹಿಡಿದು ಉಜ್ಜುತ್ತ ಕುಳಿತಳು.

"ಅವತ್ತ ನಾ ಕೇಳಿದ್ನಲ್ಲೋ, ಕಥಿ ಬರಲಿಲ್ಲಲ್ಲಾ ಅಂತ."

"ಕೇಳಿದ್ದಿರಮ್ಮಾ."

"ನೀ ಬ್ಯಾಡ ಅಂದಿ. ಈಗ ಬರೀ ಕಥಿನ ತಂದೀ. ಅವನಽ ಇಲ್ಲ."

ಕೋಲು ಊರಿಕೊಂಡು ಎದ್ದು ಹೋದಳು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ನಾನು ಮತ್ತೆ ಕಾದಂಬರಿ ಬರೆಯಲಿಲ್ಲ.

ಕೆಲಸದಲ್ಲಿ ನಾನು ಬದಲಾದೆ. ಸಾಕ್ಷಿ ಹಾಡಿದರೆ ಹಾಡಿದಳು ಎಂದೇ ಒಪ್ಪಿಸಿದೆ. ಜಡ್ಜರು ಬೇಸರಪಟ್ಟರೆ, ಬೇಡವೆಂದು ತಾವು ಹೇಳಿ ಬಿಡಿ, ನಾನು ಬಿಡಲಾರೆ ಎಂದೆ. ಹೊಸ ಜಡ್ಜರೊಬ್ಬರು ನನ್ನನ್ನು ಕೋರ್ಟಿನಲ್ಲೇ ಬೈದರು. ವೆಂಕಟರಾಯರು ಆಗ ನಿವೃತ್ತರಾಗುವ ಹೊತ್ತು, ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಸುಮ್ಮನೆ ಒಂದು ಲವಂಗ ತೆಗೆದು ನನ್ನ ಕೈಗಿಟ್ಟು ಹೋದರು. 'ಬಿಟ್ಟದ್ದು' ಕಲಂ ಬರಿದಾಯಿತು. ಅದು ಬರಿದಾದ ಮೇಲೂ ಪ್ರತಿ ಪುಟದಲ್ಲಿ ಗೆರೆ ಎಳೆಯುತ್ತಿದ್ದೆ. ಈ ಕೆಲಸಕ್ಕೆ ಬರುವ ನಿಮಗೆ ನಾನು ಕೊಡಬಲ್ಲದ್ದು ಆ ಎರಡು ಗೆರೆ ಮಾತ್ರ. ಎಳೆಯಿರಿ. ಆದರೆ ಅದೇ ಸಂಜೆ, ದೀಪ ಹಚ್ಚುವ ಮೊದಲು, ತಿರುಗಿ ಓದಿರಿ.

1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು. ಕೆಲವು ವಾರಗಳ ಮೇಲೆ ಒಂದು ಭಾನುವಾರ ಕುರುಗೋಡಿನ ಬಸ್ಸು ಹತ್ತಿ ಬಾದನಹಟ್ಟಿಯಲ್ಲಿ ಇಳಿದೆ. ಯಾಕೆ ಇಳಿದೆನೆಂದು ಆ ದಿನದ ಪುಟದಲ್ಲಿ ಬರೆದಿಲ್ಲ. ಪ್ರಾರ್ಥನೆಯ ಮನೆಯಿಂದ ಅವಳ ದನಿ ಕೇಳುತ್ತಿತ್ತು, ತೆಳ್ಳಗೆ, ಒಡೆದ ದನಿ. ಹತ್ತು ಹನ್ನೆರಡು ಮಕ್ಕಳು, ನಾಲ್ಕಾರು ಹೆಂಗಸರು. ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತೆ. ಒಳಗೆ ಕಾಲಿಡಲು ಧೈರ್ಯವಾಗಲಿಲ್ಲ.

ಅವಳಿಗೆ ಈಗ ಏನೂ ಕಾಣುತ್ತಿರಲಿಲ್ಲ. ಬೆಳಕಿಗೆ ಅಡ್ಡ ನಿಂತ ನೆರಳಷ್ಟೇ ಗೊತ್ತಾಗಿರಬೇಕು. ಕಥೆ ನಿಲ್ಲಿಸಿ ಮುಖ ಎತ್ತಿದಳು.

"ಯಾರು?"

ನಾನು ಹೆಸರು ಹೇಳಿದೆ.

ಮಕ್ಕಳೆಲ್ಲ ತಿರುಗಿ ನನ್ನನ್ನು ನೋಡಿದರು. ಅವಳು ಕೈ ಎತ್ತಿ, ಬಾಗಿಲ ಮಗ್ಗುಲಿನ ಆ ಮೂಲೆಯನ್ನು ತೋರಿಸಿದಳು.

"ಬಾರಪಾ. ಹರಿಗೋಲು ಇನ್ನೂ ಈ ದಂಡ್ಯಾಗ ಐತಿ. ಕೂಡು."

ಹೋಗಿ ದಾನಪ್ಪನ ಜಾಗದಲ್ಲಿ ಕುಳಿತೆ. ಗಡಿಯಾರ ಜೇಬಿನಲ್ಲಿಯೇ ಇತ್ತು. ಆಗ ಎಷ್ಟನೆಯವರು ಹತ್ತುತ್ತಿದ್ದರೋ ನಾನು ಎಣಿಸಲಿಲ್ಲ.